ಯಾರ ಲೆಕ್ಕಕ್ಕೂ ಸೇರದ ಇಪ್ಪತ್ತು ನಿಮಿಷ

2025ರ ನವೆಂಬರ್ 6ರ ಸಂಜೆ, ಕಚೇರಿಗಳು ಬಿಡುವ ಹೊತ್ತಿನಲ್ಲಿ, ಮುಂಬೈಯ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಲ್ಲಿ ರೈಲ್ವೆ ನೌಕರರು ದಿಢೀರ್ ಪ್ರತಿಭಟನೆಗಿಳಿದರು. ಲೋಕಲ್ ರೈಲುಗಳ ಸಂಚಾರ ಸ್ಥಗಿತಗೊಂಡಿತು. ದಾರಿಯಲ್ಲೇ ನಿಂತ ರೈಲುಗಳಲ್ಲಿ ಕಾದು ಬೇಸತ್ತವರು ಕೆಳಗೆ ಧುಮುಕಿ ಹಳಿಗಳ ಗುಂಟ ನಡೆಯತೊಡಗಿದರು. ಹಾಗೆ ನಡೆಯುತ್ತಿದ್ದವರಿಗೆ ಸ್ಯಾಂಡ್‌ಹರ್ಸ್ಟ್ ರೋಡ್ ನಿಲ್ದಾಣದ ಬಳಿ ಇನ್ನೊಂದು ಲೋಕಲ್ ರೈಲು ಬಡಿದು ಇಬ್ಬರು ಸತ್ತರು; ಕೆಲವರು ಗಾಯಗೊಂಡರು.

ನೌಕರರ ಸಿಟ್ಟಿಗೂ ಒಂದು ಹಿನ್ನೆಲೆ ಇತ್ತು. ಅದೇ ವರ್ಷದ ಜೂನ್ 9ರ ಬೆಳಿಗ್ಗೆ ಮುಂಬ್ರಾದ ತಿರುವಿನಲ್ಲಿ ಎದುರುಬದುರಾಗಿ ಹಾದುಹೋದ ಎರಡು ಲೋಕಲ್‌ಗಳ ಬಾಗಿಲುಗಳಲ್ಲಿ ಜೋತುಬಿದ್ದಿದ್ದವರು ಕೆಳಗುರುಳಿ, ನಾಲ್ವರು ಅಂದೇ ಪ್ರಾಣ ಕಳೆದುಕೊಂಡಿದ್ದರು. ಆ ಪ್ರಕರಣದಲ್ಲಿ ಇಬ್ಬರು ಎಂಜಿನಿಯರ್‌ಗಳ ಮೇಲೆ ಪೊಲೀಸರು ಎಫ್‌ಐಆರ್ ದಾಖಲಿಸಿದ್ದನ್ನು ವಿರೋಧಿಸಿ ನೌಕರರು ಕೆಲಸ ನಿಲ್ಲಿಸಿದ್ದರು. ದಟ್ಟಣೆಯಿಂದ ಜನ ಸತ್ತರು. ಅದಕ್ಕೆ ಎಂಜಿನಿಯರರನ್ನು ಹೊಣೆ ಮಾಡಿದರು. ಎಂಜಿನಿಯರರ ಪರವಾಗಿ ರೈಲು ನಿಲ್ಲಿಸಿದರು. ರೈಲು ನಿಂತಿದ್ದರಿಂದ ಮತ್ತೆ ಜನ ಸತ್ತರು. ಈ ಸರಪಳಿಯಲ್ಲಿ ಪ್ರತಿಯೊಬ್ಬನ ಸಿಟ್ಟಿಗೂ ಒಂದು ಕಾರಣವಿದೆ. ಆದರೆ ಯಾರ ಸಿಟ್ಟೂ ತಲುಪಬೇಕಾದ ಬಾಗಿಲಿಗೆ ತಲುಪಲಿಲ್ಲ. ಮುಂಬೈಯಲ್ಲಿ ರೈಲು ಕೆಟ್ಟು ನಿಂತಾಗಲೆಲ್ಲ ಭುಗಿಲೇಳುವ ಜನಾಕ್ರೋಶದ ಕುರಿತು ಬರೆಯಲು ನನ್ನನ್ನು ಪ್ರೇರೇಪಿಸಿದ್ದು ಈ ಸಂಗತಿಯೇ.

ಮುಂಬೈಯ ಲೋಕಲ್ ನಮಗೆ ಪರಕೀಯವಾದ ವಿಷಯವೇನಲ್ಲ. ಡೊಂಬಿವಲಿ, ಠಾಣೆ, ಮುಲುಂಡ್‌ಗಳಲ್ಲಿ ನಮ್ಮ ಕರಾವಳಿಯಿಂದ, ವಿಜಯಪುರ ಕಲಬುರಗಿಗಳಿಂದ ಹೋಗಿ ನೆಲೆಸಿದ ಸಾವಿರಾರು ಕುಟುಂಬಗಳು ಬೆಳಗಾದರೆ ಇದೇ ರೈಲುಗಳನ್ನು ಹತ್ತುತ್ತವೆ. ಇಂದು ದಿನವೊಂದಕ್ಕೆ ಸುಮಾರು 3,200 ಲೋಕಲ್ ಸೇವೆಗಳು, ಎಪ್ಪತ್ತು ಲಕ್ಷದಷ್ಟು ಪ್ರಯಾಣಿಕರು. 1,700 ಮಂದಿಯನ್ನು ಒಯ್ಯಬೇಕಾದ ಒಂಬತ್ತು ಬೋಗಿಯ ರೈಲಿನಲ್ಲಿ ದಟ್ಟಣೆಯ ಹೊತ್ತಿನಲ್ಲಿ 4,500 ಮಂದಿ ಪಯಣಿಸುತ್ತಿದ್ದರೆಂದು ಯೋಜನಾ ವರದಿಗಳೇ ಹೇಳುತ್ತಿದ್ದವು. ಒಂದು ಚದರ ಮೀಟರ್ ಜಾಗದಲ್ಲಿ ಹದಿನಾಲ್ಕರಿಂದ ಹದಿನಾರು ಜನ ನಿಲ್ಲುವ ಸ್ಥಿತಿಗೆ ರೈಲ್ವೆಯ ಪರಿಭಾಷೆಯಲ್ಲಿ ಒಂದು ಪ್ರತ್ಯೇಕ ಹೆಸರೇ ಹುಟ್ಟಿಕೊಂಡಿತು. ಒಂದು ದುಃಸ್ಥಿತಿಗೆ ತಾಂತ್ರಿಕ ಹೆಸರು ದೊರೆತರೆ ಅದು ಅರ್ಧ ಸಮ್ಮತಿ ಪಡೆದಂತೆಯೇ ಎಂಬುದು ಸರ್ಕಾರಿ ಕಡತಗಳ ನಡುವೆ ಬದುಕು ಸವೆಸಿದ ನನ್ನಂಥವರಿಗೆ ಚೆನ್ನಾಗಿ ಗೊತ್ತು.

ಇಂಥ ಜಾಲದಲ್ಲಿ ಕೆಡುವ ವಸ್ತುಗಳು ಬಹಳ ಸಾಮಾನ್ಯವಾದವು. ಮೇಲಿನ ವಿದ್ಯುತ್ ತಂತಿ ತುಂಡಾಗುತ್ತದೆ, ಅಥವಾ ರೈಲಿನ ನೆತ್ತಿಯ ಮೇಲಿರುವ ಪ್ಯಾಂಟೋಗ್ರಾಫ್ ಆ ತಂತಿಗೆ ಸಿಕ್ಕಿಕೊಳ್ಳುತ್ತದೆ. ಸಿಗ್ನಲ್ ಕೈಕೊಡುತ್ತದೆ. ರೈಲನ್ನು ಹಳಿಯಿಂದ ಹಳಿಗೆ ದಾಟಿಸುವ ಪಾಯಿಂಟ್ ಅರ್ಧಕ್ಕೇ ನಿಲ್ಲುತ್ತದೆ. ಚಳಿಗಾಲದ ಮುಂಜಾನೆ ಉಕ್ಕು ಸಂಕುಚಿತಗೊಂಡು, ಬೆಸುಗೆ ದುರ್ಬಲವಾಗಿರುವ ಕಡೆ ಹಳಿ ಬಿರಿಯುತ್ತದೆ. ಮಳೆಗಾಲದಲ್ಲಿ ಕುರ್ಲಾ, ಸಾಯನ್‌ಗಳ ತಗ್ಗಿನಲ್ಲಿ ನೀರು ನಿಂತು ಹಳಿಗಳೇ ಕಾಣದಾಗುತ್ತವೆ. ಇವಾವುವೂ ಮುಂಬೈಗೆ ಮಾತ್ರ ಬರುವ ಕಾಯಿಲೆಗಳಲ್ಲ. ಜಗತ್ತಿನ ಎಲ್ಲ ರೈಲ್ವೆಗಳಲ್ಲಿಯೂ ಇವು ಇವೆ. ವ್ಯತ್ಯಾಸವಿರುವುದು ಬಿಡುವಿನಲ್ಲಿ. ದಟ್ಟಣೆಯ ಹೊತ್ತಿನಲ್ಲಿ ಮೂರು ನಾಲ್ಕು ನಿಮಿಷಕ್ಕೊಂದರಂತೆ ರೈಲುಗಳು ಒಂದರ ಬೆನ್ನಿಗೊಂದು ಓಡುವ ಹಾದಿಯಲ್ಲಿ, ಒಂದು ನಿಂತರೆ ಹಿಂದಿನವೆಲ್ಲ ನಿಲ್ಲಲೇಬೇಕು. ರಾತ್ರಿ ಒಂದು ಗಂಟೆಯಿಂದ ನಾಲ್ಕರವರೆಗಿನ ಅಲ್ಪಾವಧಿಯಲ್ಲಿ, ಉಳಿದಂತೆ ಭಾನುವಾರದ ‘ಮೆಗಾ ಬ್ಲಾಕ್’ನಲ್ಲಿ ದುರಸ್ತಿಯೆಲ್ಲ ಮುಗಿಯಬೇಕು. ರೈಲ್ವೆಯವರ ಬಗ್ಗೆ ಒಂದು ಮೆಚ್ಚುಗೆಯ ಮಾತನ್ನೂ ಇಲ್ಲೇ ಹೇಳಿಬಿಡಬೇಕು. 1925ರಿಂದ ಬಳಕೆಯಲ್ಲಿದ್ದ 1,500 ವೋಲ್ಟ್ ನೇರ ವಿದ್ಯುತ್ ವ್ಯವಸ್ಥೆಯನ್ನು ಕಿತ್ತು, 25,000 ವೋಲ್ಟ್ ಪರ್ಯಾಯ ವಿದ್ಯುತ್ತಿಗೆ ಇಡೀ ಜಾಲವನ್ನು ಬದಲಿಸಿದಾಗ ಅವರು ನಗರದ ರೈಲು ಸಂಚಾರವನ್ನು ನಿಲ್ಲಿಸಿರಲಿಲ್ಲ. 2016ರ ಹೊತ್ತಿಗೆ ಮುಗಿದ ಆ ಕೆಲಸ ಓಡುವ ಬಂಡಿಯ ಗಾಲಿ ಬದಲಿಸಿದಂಥ ಸಾಹಸ.

ಹಾಗಾದರೆ ಜನರ ಸಿಟ್ಟು ಏಕೆ ಇಷ್ಟು ಉಗ್ರ? ಒಂದು ಸರಳ ಗುಣಾಕಾರ ಮಾಡಿ ನೋಡಬಹುದು. ಬೆಳಗಿನ ದಟ್ಟಣೆಯಲ್ಲಿ ಹತ್ತು ರೈಲುಗಳು ತಲಾ ಇಪ್ಪತ್ತು ನಿಮಿಷ ನಿಂತವೆನ್ನೋಣ. ಒಂದೊಂದರಲ್ಲಿ ನಾಲ್ಕು ಸಾವಿರ ಜನರೆಂದರೆ ಒಟ್ಟು ಎಂಟು ಲಕ್ಷ ನಿಮಿಷ, ಅಂದರೆ ಹದಿಮೂರು ಸಾವಿರಕ್ಕೂ ಮಿಗಿಲಾದ ಗಂಟೆಗಳು. ದಿನಕ್ಕೆ ಎಂಟು ಗಂಟೆಯ ದುಡಿಮೆಯಂತೆ ಲೆಕ್ಕ ಹಾಕಿದರೆ ಸಾವಿರದ ಆರುನೂರು ದಿನಗಳಿಗೂ ಹೆಚ್ಚು ಕಾಲದ ದುಡಿಮೆ ಇಪ್ಪತ್ತು ನಿಮಿಷದಲ್ಲಿ ಕರಗಿತು. ಈ ನಷ್ಟ ಯಾರ ಖಾತೆಗೆ ಹೋಯಿತು? ರೈಲ್ವೆಯ ಖಾತೆಗಂತೂ ಅಲ್ಲ, ಏಕೆಂದರೆ ಪಾಸಿನ ಹಣ ತಿಂಗಳ ಮೊದಲೇ ಸಂದಾಯವಾಗಿರುತ್ತದೆ. ಕಂಪನಿಯ ಖಾತೆಗೂ ಅಲ್ಲ, ಏಕೆಂದರೆ ಅದು ನೌಕರನ ಹೆಸರಿನ ಮುಂದೆ ‘ಲೇಟ್ ಮಾರ್ಕ್’ ಹಾಕುತ್ತದೆ; ಅಂಥವು ಮೂರಾದರೆ ಅರ್ಧ ದಿನದ ಸಂಬಳ ಕತ್ತರಿಸುವ ಕಚೇರಿಗಳು ಇಂದಿಗೂ ಇವೆ. ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ, ದಿನಗೂಲಿಯವನಿಗೆ ಆ ಸೌಲಭ್ಯವೂ ಇಲ್ಲ; ತಡವಾದರೆ ಅಂದಿನ ಕೆಲಸವೇ ತಪ್ಪಿತು. ಬಳಕೆದಾರನ ಕಾಲ ಎಂಬ ಸಂಪನ್ಮೂಲಕ್ಕೆ ಬೆಲೆಯೇ ಇಲ್ಲವೆಂದಾದರೆ ಅದರ ದುಂದುವೆಚ್ಚಕ್ಕೆ ಮಿತಿಯೂ ಇರುವುದಿಲ್ಲ. ಅರ್ಥಶಾಸ್ತ್ರದ ಮೊದಲ ವರ್ಷದ ವಿದ್ಯಾರ್ಥಿಗೂ ತಿಳಿದ ವಿಷಯವಿದು.

ರೈಲ್ವೆಯ ಸಮಯಪಾಲನೆಯ ಅಂಕಿಅಂಶಗಳನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ನೂರಕ್ಕೆ ಇಷ್ಟು ರೈಲುಗಳು ಸಮಯಕ್ಕೆ ಸರಿಯಾಗಿ ಓಡಿದವು ಎಂದು ಅಲ್ಲಿ ಲೆಕ್ಕ. ಮಧ್ಯಾಹ್ನ ಮೂರರ ಅರೆಖಾಲಿ ರೈಲೂ ಒಂದೇ, ಬೆಳಿಗ್ಗೆ ಎಂಟೂವರೆಯ ಕಿಕ್ಕಿರಿದ ರೈಲೂ ಒಂದೇ. ಅಳೆದದ್ದು ರೈಲಿನ ವಿಳಂಬವನ್ನು, ಮನುಷ್ಯನ ವಿಳಂಬವನ್ನಲ್ಲ.

ಕಾನೂನಿನ ತಕ್ಕಡಿಯೂ ಹೀಗೆಯೇ ಒಂದು ಕಡೆಗೆ ವಾಲಿದೆ. 1989ರ ರೈಲ್ವೆ ಕಾಯ್ದೆಯ 174ನೇ ಕಲಮಿನ ಪ್ರಕಾರ ಹಳಿಯ ಮೇಲೆ ಕುಳಿತು ರೈಲು ತಡೆದವನಿಗೆ ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದು. ಹಳಿಯ ಮೇಲೆ ನಡೆದವನಿಗೆ 147ನೇ ಕಲಮು ಇದೆ. ಆರು ತಿಂಗಳವರೆಗೆ ಸೆರೆವಾಸ. ರೈಲನ್ನು ತಡೆದ ಪ್ರಯಾಣಿಕನಿಗೆ ಕಲಮು ಉಂಟು. ಪ್ರಯಾಣಿಕನನ್ನು ತಡೆದ ರೈಲಿಗೆ ಇಲ್ಲ. 2021ರಲ್ಲಿ ಸುಪ್ರೀಂ ಕೋರ್ಟ್, ಜಮ್ಮುವಿಗೆ ನಾಲ್ಕು ಗಂಟೆ ತಡವಾಗಿ ತಲುಪಿದ ಎಕ್ಸ್‌ಪ್ರೆಸ್ ರೈಲಿನಿಂದಾಗಿ ವಿಮಾನ ತಪ್ಪಿಸಿಕೊಂಡ ಕುಟುಂಬಕ್ಕೆ ಪರಿಹಾರ ಕೊಡಬೇಕೆಂಬ ಆದೇಶವನ್ನು ಎತ್ತಿಹಿಡಿದು, ವಿಳಂಬಕ್ಕೆ ಸಮರ್ಪಕ ಕಾರಣ ತೋರಿಸಬೇಕಾದ ಹೊಣೆ ರೈಲ್ವೆಯದೇ ಎಂದಿತು. ಒಳ್ಳೆಯ ತೀರ್ಪು. ಆದರೆ ಬದಲಾಪುರದಿಂದ ದಾದರಿಗೆ ಹೋಗುವವನು ತನ್ನ ಇಪ್ಪತ್ತು ನಿಮಿಷಕ್ಕಾಗಿ ಗ್ರಾಹಕ ಆಯೋಗದ ಮೆಟ್ಟಿಲು ಹತ್ತಲಾರ. ಹತ್ತಿದರೆ ಅಂದೂ ಒಂದು ಲೇಟ್ ಮಾರ್ಕ್ ಖಂಡಿತ.

ಹಾಗಾಗಿ ಅವನು ಹಳಿಯ ಮೇಲೆ ಕೂರುತ್ತಾನೆ. 2015ರ ಜನವರಿ 2ರಂದು ಪ್ಯಾಂಟೋಗ್ರಾಫ್ ಮುರಿದು ಸೇವೆ ಅಸ್ತವ್ಯಸ್ತಗೊಂಡಾಗ ದಿವಾ ನಿಲ್ದಾಣದಲ್ಲಿ ಜನ ದಂಗೆಯೆದ್ದರು. ಕಲ್ಲುಗಳು ತೂರಿಬಂದವು, ವಾಹನಗಳಿಗೆ ಬೆಂಕಿ ಬಿತ್ತು. ಮರುವರ್ಷ ಆಗಸ್ಟ್‌ನಲ್ಲಿ ನಿತ್ಯ ವಿಳಂಬದಿಂದ ಬೇಸತ್ತ ಬದಲಾಪುರದವರು ರೈಲುಗಳನ್ನು ತಡೆದರು. ಕಲ್ಲು ತೂರಿದ್ದನ್ನು ಸಮರ್ಥಿಸುವ ಮಾತೇ ಇಲ್ಲ. ಆ ಕಲ್ಲು ಬೀಳುವುದು ತಂತಿ ಕಡಿದ ಕಾರಣಕ್ಕೆ ಯಾವ ರೀತಿಯಲ್ಲೂ ಹೊಣೆಯಲ್ಲದ ಮೋಟರ್‌ಮನ್ನನ ಮೇಲೆ. ಆದರೆ ಮುಂದೇನಾಯಿತು ನೋಡಿ. ವೇಗದ ಲೋಕಲ್‌ಗಳು ದಿವಾದಲ್ಲಿ ನಿಲ್ಲಬೇಕೆಂಬುದು ಅಲ್ಲಿಯವರ ಹಳೆಯ ಬೇಡಿಕೆ. 2016ರ ಕೊನೆಗೆ ಅದು ಈಡೇರಿತು. ಗಲಭೆಗೂ ನಿಲುಗಡೆಗೂ ಸಂಬಂಧವಿಲ್ಲವೆಂದು ಇಲಾಖೆ ಹೇಳಬಹುದು. ದಿವಾದ ಜನ ಕಲಿತ ಪಾಠ ಬೇರೆಯೇ ಇರುತ್ತದೆ. ಮನವಿಪತ್ರಕ್ಕೆ ಮಣಿಯದೆ ಬೆಂಕಿಗೆ ಮಣಿಯುವಂತೆ ಕಾಣಿಸಿಕೊಳ್ಳುವ ಆಡಳಿತ ಮುಂದಿನ ಬೆಂಕಿಗೆ ತಾನೇ ಸೌದೆ ಒಟ್ಟುತ್ತದೆ.

ಆಲ್ಬರ್ಟ್ ಹಿರ್ಷ್‌ಮನ್ ಎಂಬ ಅರ್ಥಶಾಸ್ತ್ರಜ್ಞರು 1970ರಲ್ಲಿ ಪ್ರಕಟಿಸಿದ ಪುಟ್ಟ ಪುಸ್ತಕವೊಂದರ ಚಿಂತನೆ ಮೊಳೆತದ್ದು ನೈಜೀರಿಯಾದ ರೈಲ್ವೆಯನ್ನು ಕಂಡು. ಆ ದೇಶದ ಉತ್ತರ ಭಾಗದಲ್ಲಿ ಬೆಳೆದ ಶೇಂಗಾ ನೂರಾರು ಮೈಲಿ ದೂರದ ಬಂದರಿಗೆ ರೈಲಿನಲ್ಲೇ ಹೋಗುವುದು ಸಹಜವಾಗಿತ್ತು. ಆದರೂ ಲಾರಿಗಳು ಆ ಸರಕನ್ನು ಕಸಿದುಕೊಂಡವು. ಪೈಪೋಟಿ ಬಂದರೆ ರೈಲ್ವೆ ಸುಧಾರಿಸಬೇಕಿತ್ತಲ್ಲವೇ? ಸುಧಾರಿಸಲಿಲ್ಲ. ಗಟ್ಟಿ ದನಿಯಲ್ಲಿ ದೂರಬಲ್ಲ ಗಿರಾಕಿಗಳೇ ಮೊದಲು ಲಾರಿಗೆ ಹೋದರು. ಹೋದ ಗಿರಾಕಿಯ ನಷ್ಟವನ್ನು ಖಜಾನೆ ತುಂಬಿಕೊಡುತ್ತಿತ್ತು. ಉಳಿದವರ ದನಿ ಯಾರಿಗೂ ಕೇಳಿಸಲಿಲ್ಲ. ಅತೃಪ್ತನಾದವನಿಗೆ ಎರಡು ದಾರಿ, ಬಿಟ್ಟುಹೋಗುವುದು ಇಲ್ಲವೇ ದನಿಯೆತ್ತುವುದು, ಎಂದು ಹಿರ್ಷ್‌ಮನ್ ವಿವರಿಸಿದರು. ಮೊದಲನೆಯದು ಸುಲಭವಾದಷ್ಟೂ ಎರಡನೆಯದು ಕ್ಷೀಣಿಸುತ್ತದೆ.

ಮುಂಬೈಯ ಬಹುಪಾಲು ಜನರಿಗೆ ಬಿಟ್ಟುಹೋಗುವ ದಾರಿಯಿಲ್ಲ. ಕಲ್ಯಾಣದಾಚೆಯಿಂದ ದಕ್ಷಿಣ ಮುಂಬೈಗೆ ನಿತ್ಯ ರಸ್ತೆಯಲ್ಲಿ ಹೋಗಿಬರುವುದು ಅವರಿಗೆ ಹಣದಲ್ಲೂ ಸಮಯದಲ್ಲೂ ಅಸಾಧ್ಯ. ದಾರಿಯುಳ್ಳ ಅಲ್ಪಸಂಖ್ಯಾತರು ಮೆಟ್ರೊ, ಕಾರು, ಹವಾನಿಯಂತ್ರಿತ ಲೋಕಲ್‌ಗಳತ್ತ ಸರಿಯುತ್ತಿದ್ದಾರೆ. 2017ರ ಡಿಸೆಂಬರ್ 25ರಂದು ಮೊದಲ ಹವಾನಿಯಂತ್ರಿತ ಲೋಕಲ್ ಓಡಿತು. 2022ರ ಆಗಸ್ಟ್‌ನಲ್ಲಿ ಸಾಮಾನ್ಯ ಲೋಕಲ್‌ಗಳ ಜಾಗದಲ್ಲಿ ಹವಾನಿಯಂತ್ರಿತ ರೈಲುಗಳನ್ನು ಓಡಿಸಿದಾಗ ಕಲ್ವಾ ಮತ್ತು ಬದಲಾಪುರಗಳಲ್ಲಿ ಪ್ರತಿಭಟನೆಯಾಗಿ, ಮಧ್ಯ ರೈಲ್ವೆ ಹತ್ತು ಸೇವೆಗಳನ್ನು ಹಿಂತೆಗೆದುಕೊಂಡಿತು. ತಂಪು ಬೋಗಿಯ ಮೇಲೆ ಜನರಿಗೆ ದ್ವೇಷವೇನೂ ಇರಲಿಲ್ಲ. ತಮ್ಮ 8.20ರ ರೈಲು ಕಣ್ಣೆದುರೇ ಇನ್ನೊಬ್ಬರ ಪಾಲಾಯಿತೆಂಬ ಸಂಕಟವಷ್ಟೇ.

ನಾನು ಉತ್ತರ ಕರ್ನಾಟಕದ ಉಪವಿಭಾಗವೊಂದರಲ್ಲಿ ಅಸಿಸ್ಟೆಂಟ್ ಕಮಿಷನರ್ ಆಗಿದ್ದ ಕಾಲದಲ್ಲಿ, ಬೆಳಗಿನ ಪ್ಯಾಸೆಂಜರ್ ರೈಲು ಬಾರದ ಕಾರಣಕ್ಕೆ ಕೂಲಿಕಾರರೂ ಕಾಲೇಜು ಹುಡುಗರೂ ಹಳಿಯ ಮೇಲೆ ಕುಳಿತಿದ್ದಾರೆಂಬ ಸುದ್ದಿ ಬಂತು. ನಿಷೇಧಾಜ್ಞೆಯ ಕರಡನ್ನು ಜೊತೆಗಿಟ್ಟುಕೊಂಡು ಸಣ್ಣ ನಿಲ್ದಾಣವೊಂದಕ್ಕೆ ಹೋದೆ. ಘೋಷಣೆಗಳು ಜೋರಾಗಿಯೇ ಇದ್ದವು. ಮುಂದೆ ಕುಳಿತಿದ್ದ ವಯಸ್ಸಾದವರೊಬ್ಬರು, “ಸಾಹೇಬ್ರ, ಗಾಡಿ ಬರ್ತೈತೋ ಇಲ್ಲೋ, ಅಷ್ಟು ಹೇಳ್ರಿ ಸಾಕು. ಬರೂದಿಲ್ಲಾಂದ್ರ ಬಸ್ಸಿನ ಹಾದಿ ಹಿಡೀತೀವಿ” ಎಂದರು. ಸ್ಟೇಷನ್ ಮಾಸ್ತರರನ್ನು ಕರೆಸಿ, ದೂರವಾಣಿಯಲ್ಲಿ ವಿಚಾರಿಸಿ, ರೈಲು ಎರಡು ಗಂಟೆ ತಡವೆಂದು ಎಲ್ಲರೆದುರು ಹೇಳಿಸಿದೆವು. ಕಾಲು ಗಂಟೆಯಲ್ಲಿ ಹಳಿ ತೆರವಾಯಿತು. ಕರಡಿಗೆ ಸಹಿ ಬೀಳಲಿಲ್ಲ. ಜಿಲ್ಲಾ ಕೇಂದ್ರಕ್ಕೆ ಹೋದ ವರದಿಯಲ್ಲಿ ಮಾತ್ರ ‘ಕಾನೂನು ಮತ್ತು ಸುವ್ಯವಸ್ಥೆ’ ಎಂಬ ಶೀರ್ಷಿಕೆಯೇ ಇತ್ತು. ‘ಮಾಹಿತಿಯ ಅಭಾವ’ ಎಂಬ ಶೀರ್ಷಿಕೆ ನಮ್ಮ ನಮೂನೆಯಲ್ಲಿ ಇರಲಿಲ್ಲ.

ಹಳಿಯ ಕೊರತೆ ಒಂದು ದಿನದಲ್ಲಿ ನೀಗುವುದಿಲ್ಲ, ನಿಜ. ಆದರೆ ‘ತಾಂತ್ರಿಕ ಕಾರಣಗಳಿಂದ’ ಎಂಬ ಎರಡು ಪದಗಳ ಘೋಷಣೆಗೆ ಬದಲು, ಎಲ್ಲಿ ಏನು ಕೆಟ್ಟಿದೆ, ಎಷ್ಟು ಹೊತ್ತಾಗಬಹುದು, ಯಾವ ಬದಲಿ ಹಾದಿಯಿದೆ ಎಂಬುದನ್ನು ಹತ್ತು ನಿಮಿಷದೊಳಗೆ ಹೇಳಲು ಹಳಿ ಬೇಕಿಲ್ಲ.

ಇಷ್ಟು ಹೇಳಿದರೆ ರೈಲ್ವೆಯವರಿಂದ ಒಂದು ಸಿದ್ಧ ಉತ್ತರ ಬರುತ್ತದೆ: ಪ್ರಯಾಣಿಕರು ಕೊಡುವುದಾದರೂ ಎಷ್ಟು? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಎರಡನೇ ದರ್ಜೆಯ ಕನಿಷ್ಠ ಟಿಕೆಟ್ ಐದು ರೂಪಾಯಿ. ತಿಂಗಳಿಡೀ ಓಡಾಡುವ ಪಾಸಿಗೆ ಹದಿನೈದು ಒಂಟಿ ಪ್ರಯಾಣಗಳ ಬೆಲೆಯ ಲೆಕ್ಕ. 2014ರ ಜೂನ್‌ನಲ್ಲಿ ಆ ಲೆಕ್ಕವನ್ನು ಮೂವತ್ತು ಪ್ರಯಾಣಗಳಿಗೆ ಏರಿಸಲು ಕೇಂದ್ರ ಹೊರಟಿತು. ಮಹಾರಾಷ್ಟ್ರದಲ್ಲಿ ವಿಧಾನಸಭಾ ಚುನಾವಣೆ ಸಮೀಪಿಸಿತ್ತು. ಸಂಸದರ ನಿಯೋಗ ದೆಹಲಿಗೆ ಧಾವಿಸಿತು; ನಾಲ್ಕೇ ದಿನದಲ್ಲಿ ಹಳೆಯ ಲೆಕ್ಕ ಮರಳಿತು. 2025ರಲ್ಲಿ ಎರಡು ಬಾರಿ ರೈಲು ದರ ಪರಿಷ್ಕರಣೆಯಾದಾಗಲೂ ಉಪನಗರ ಸೇವೆಯನ್ನು ಮುಟ್ಟಲಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಎಪ್ಪತ್ತು ಲಕ್ಷ ಜನರ ರಾಜಕೀಯ ದನಿಯೆಲ್ಲವೂ ದರವನ್ನು ಹಿಡಿದಿಡುವುದಕ್ಕೇ ವೆಚ್ಚವಾಗುತ್ತಿದೆ. ಪಾಸಿನ ಬೆಲೆ ಏರಿದರೆ ನಾಲ್ಕು ದಿನದಲ್ಲಿ ಸರ್ಕಾರ ಬಾಗುತ್ತದೆ, ತಂತಿ ಕಡಿದರೆ ಬಾಗುವುದಿಲ್ಲ. ಅಗ್ಗದ ಟಿಕೆಟ್ ಎಂಬುದು ಕಳಪೆ ಸೇವೆಗೆ ಕೊಟ್ಟ ಮೌನದ ಬೆಲೆಯಾಗಿಬಿಟ್ಟಿದೆ. ಬಡವನ ಪಾಸಿನ ದರ ಏರಬೇಕೆಂದು ನಾನು ಹೇಳುತ್ತಿಲ್ಲ. ಇಪ್ಪತ್ತು ಕಿಲೊಮೀಟರಿಗೆ ಕಾರಿನಲ್ಲಿ ಹೋಗುವವನಿಂದ ಆ ನಗರ ಪಡೆಯುವ ರಸ್ತೆ ತೆರಿಗೆ ಎಷ್ಟು, ಅವನಿಗಾಗಿ ಕಟ್ಟುವ ಮೇಲ್ಸೇತುವೆಗಳಿಗೆ ತಗಲುವ ವೆಚ್ಚವೆಷ್ಟು ಎಂಬುದನ್ನೂ ಅದೇ ಪುಟದಲ್ಲಿ ಬರೆದರೆ, ಸಹಾಯಧನ ಯಾರ ಕಡೆಗೆ ಹರಿಯುತ್ತಿದೆ ಎಂಬ ಚರ್ಚೆ ಸ್ವಲ್ಪ ಪ್ರಾಮಾಣಿಕವಾದೀತು.

ಹೂಡಿಕೆಯ ಕಥೆಯೂ ದೀರ್ಘವಾದದ್ದು. ಕೇಂದ್ರ ಮತ್ತು ರಾಜ್ಯ ಸೇರಿ 1999ರಲ್ಲಿ ಮುಂಬೈ ರೈಲು ವಿಕಾಸ ನಿಗಮವನ್ನು ಸ್ಥಾಪಿಸಿದವು. ಠಾಣೆ ಮತ್ತು ದಿವಾ ನಡುವಣ ಐದು, ಆರನೆಯ ಹಳಿಗಳಿಗೆ 2008ರಲ್ಲಿ ಮಂಜೂರಾತಿ ದೊರೆಯಿತು. ಉದ್ಘಾಟನೆಯಾದದ್ದು 2022ರ ಫೆಬ್ರುವರಿಯಲ್ಲಿ. ಕಲ್ಯಾಣದ ಕಡೆಯಿಂದ ನವಿಮುಂಬೈಗೆ ಹೋಗುವವರು ಠಾಣೆಯಲ್ಲಿ ಇಳಿದು ಹತ್ತುವ ಪಾಡು ತಪ್ಪಿಸಲೆಂದು ಯೋಜಿಸಿದ ಕಲ್ವಾ-ಐರೋಲಿ ಮೇಲುಹಾದಿ, ಹಳಿಯ ಪಕ್ಕದ ಗುಡಿಸಲುಗಳ ಪುನರ್ವಸತಿಯ ಗಂಟು ಬಿಚ್ಚದೆ ವರ್ಷಗಟ್ಟಲೆ ನನೆಗುದಿಗೆ ಬಿದ್ದಿತು. ಹಳಿ ಹಾಸುವುದು ರೈಲ್ವೆಯ ಕೆಲಸ, ಗುಡಿಸಲು ತೆರವು ರಾಜ್ಯದ್ದು, ಮನೆ ಕಟ್ಟುವುದು ಇನ್ನೊಂದು ಪ್ರಾಧಿಕಾರದ್ದು. ಮೂವರೂ ಪರಸ್ಪರ ಪತ್ರ ಬರೆದುಕೊಳ್ಳುತ್ತಿರುವ ತನಕ ಯಾರ ಮೇಲೂ ದೋಷ ಬರುವುದಿಲ್ಲ.

ಬೇರೆ ನಗರಗಳಲ್ಲಿ ರೈಲು ಕೆಡುವುದಿಲ್ಲವೇ? ಕೆಡುತ್ತದೆ. ಸಿಂಗಪುರದಲ್ಲಿ 2011ರ ಡಿಸೆಂಬರ್‌ನಲ್ಲಿ ಎರಡು ದಿನಗಳ ಅಂತರದಲ್ಲಿ ಎರಡು ಬಾರಿ ಮೆಟ್ರೊ ಕೆಟ್ಟು ಸಾವಿರಾರು ಜನ ಸುರಂಗಗಳಲ್ಲಿ, ನಿಲ್ದಾಣಗಳಲ್ಲಿ ಸಿಲುಕಿದರು. ಶಿಸ್ತಿಗೆ ಹೆಸರಾದ ಆ ಊರಿನಲ್ಲೂ ಜನ ಕೆರಳಿದರು. ಸರ್ಕಾರ ವಿಚಾರಣಾ ಸಮಿತಿ ನೇಮಿಸಿ, ಸಾರ್ವಜನಿಕ ವಿಚಾರಣೆ ನಡೆಸಿ, ವರದಿಯನ್ನು ಪ್ರಕಟಿಸಿತು. ನಿರ್ವಾಹಕ ಸಂಸ್ಥೆಗೆ 20 ಲಕ್ಷ ಸಿಂಗಪುರ ಡಾಲರ್ ದಂಡ ಬಿತ್ತು. ಆಮೇಲೆ ದಂಡದ ಮಿತಿಯನ್ನು ವಾರ್ಷಿಕ ಟಿಕೆಟ್ ಆದಾಯದ ಶೇ 10ರವರೆಗೆ ಏರಿಸಿದರು. 2015ರ ಜುಲೈನಲ್ಲಿ ಮತ್ತೊಮ್ಮೆ ಕೆಟ್ಟಾಗ ವಿಧಿಸಿದ ದಂಡ 54 ಲಕ್ಷ ಡಾಲರ್. ಅಷ್ಟಾದರೂ ಅಲ್ಲಿನ ರೈಲುಗಳು ಮತ್ತೆ ಕೆಟ್ಟಿವೆ, 2024ರ ಸೆಪ್ಟೆಂಬರ್‌ನಲ್ಲಿ ಆರು ದಿನ ಒಂದು ಮಾರ್ಗದ ಸಂಚಾರ ಅಡಚಣೆಗೊಳಗಾಯಿತು. ಆದರೆ ಏಕೆ ಕೆಟ್ಟಿತು ಎಂಬುದು ಅಲ್ಲಿ ಗುಟ್ಟಾಗಿ ಉಳಿಯುವುದಿಲ್ಲ. ನಮ್ಮಲ್ಲಿ ರೈಲ್ವೆ ಸುರಕ್ಷತಾ ಆಯುಕ್ತರು ನಾಗರಿಕ ವಿಮಾನಯಾನ ಸಚಿವಾಲಯದ ಅಧೀನದಲ್ಲಿದ್ದಾರೆ. ಆ ಮಟ್ಟಿಗೆ ರೈಲ್ವೆಯಿಂದ ಸ್ವತಂತ್ರರು. ಆದರೆ ಅವರ ಕೆಲಸ ಅಪಘಾತಗಳ ತನಿಖೆ. ಜನ ಸಾಯದೆ ಬರೀ ಸಿಲುಕಿಕೊಂಡರೆ ಕೇಳುವ ಸ್ವತಂತ್ರ ಅಧಿಕಾರಿ ಯಾರೂ ಇಲ್ಲ.

ಜಪಾನಿನ ಪದ್ಧತಿಯೊಂದು ನನಗೆ ಇನ್ನೂ ಇಷ್ಟ. ರೈಲು ತಡವಾದರೆ ಅಲ್ಲಿನ ರೈಲ್ವೆಗಳು ಪ್ರಯಾಣಿಕರಿಗೆ ಒಂದು ಸಣ್ಣ ಚೀಟಿ ಕೊಡುತ್ತವೆ: ಇಂಥ ದಿನ ನಮ್ಮ ರೈಲು ಇಷ್ಟು ತಡವಾಯಿತು. ಅದನ್ನು ಕಚೇರಿಯಲ್ಲೋ ಶಾಲೆಯಲ್ಲೋ ತೋರಿಸಿದರೆ ತಡವಾದದ್ದು ತೋರಿಸಿದವನ ತಪ್ಪಲ್ಲವೆಂದು ತಿಳಿಯುತ್ತದೆ. ದಂಡವಿಲ್ಲ, ಪರಿಹಾರವಿಲ್ಲ, ಒಪ್ಪಿಗೆಯ ಒಂದು ಕಾಗದ. ಪಾಸುಗಳು ಮೊಬೈಲ್‌ಗೆ ಬಂದಿರುವ ಈ ದಿನಗಳಲ್ಲಿ ಮುಂಬೈಯಲ್ಲಿ ಇಂಥ ಚೀಟಿ ಕೊಡಲು ಕಾಗದವೂ ಬೇಕಾಗುವುದಿಲ್ಲ. ಮಹಾರಾಷ್ಟ್ರ ಸರ್ಕಾರದ ಒಂದು ಸುತ್ತೋಲೆ ಹೊರಟರೆ ಮೊದಲಿಗೆ ಸರ್ಕಾರಿ ಕಚೇರಿಗಳಾದರೂ ಅದನ್ನು ಮಾನ್ಯ ಮಾಡಬಹುದು. ಪ್ರತಿ ಚೀಟಿಯೂ ಲೆಕ್ಕಕ್ಕೆ ಸಿಗುವುದರಿಂದ, ರೈಲಿನ ವಿಳಂಬದ ಬದಲು ಮನುಷ್ಯರ ವಿಳಂಬವನ್ನು ಅಳೆಯುವ ಅಂಕಿಅಂಶವೂ ತಾನಾಗಿ ಹುಟ್ಟುತ್ತದೆ. ಬಹುಶಃ ಆ ಕಾರಣಕ್ಕೇ ಇದಕ್ಕೆ ವಿರೋಧವೂ ಬರಬಹುದು.

ಬೆಂಗಳೂರಿನ ಓದುಗರು ಇದನ್ನು ಪರಊರಿನ ಕಥೆಯೆಂದು ಓದಬೇಕಾಗಿಲ್ಲ. ಇಲ್ಲಿ ಹಿರ್ಷ್‌ಮನ್ನರ ಇನ್ನೊಂದು ದಾರಿ ತೆರೆದಿದೆ. 2025ರ ಫೆಬ್ರುವರಿಯಲ್ಲಿ ನಮ್ಮ ಮೆಟ್ರೊದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿದಾಗ ನಾವು ಹಳಿಯ ಮೇಲೆ ಕೂರಲಿಲ್ಲ; ಅನೇಕರು ಸದ್ದಿಲ್ಲದೆ ಸ್ಕೂಟರ್ ಹೊರಗೆಳೆದರು, ಮುಂದಿನ ವಾರಗಳಲ್ಲಿ ಪ್ರಯಾಣಿಕರ ಸಂಖ್ಯೆ ಇಳಿಯಿತು. ಅದೇ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಶುರುವಾದದ್ದು ಮೂರೇ ರೈಲುಗಳೊಂದಿಗೆ, ಇಪ್ಪತ್ತೈದು ನಿಮಿಷಕ್ಕೊಂದರಂತೆ. ಹೊಸೂರು ರಸ್ತೆಯ ದಟ್ಟಣೆಯಿಂದ ಪಾರಾದೆವೆಂದು ನಂಬಿ ಬಂದವರು ನಿಲ್ದಾಣದ ಮೆಟ್ಟಿಲ ಮೇಲೆ ಸಾಲುಗಟ್ಟಿದರು. ಆ ಮೂರರಲ್ಲಿ ಒಂದು ಕೆಟ್ಟಿದ್ದರೆ? ಉಪನಗರ ರೈಲು ಯೋಜನೆಗೆ 2020ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿ, 2022ರ ಜೂನ್‌ನಲ್ಲಿ ಶಂಕುಸ್ಥಾಪನೆಯೂ ಆಯಿತು. ಅದರ 148 ಕಿಲೊಮೀಟರ್ ಹಳಿ ಯಾವಾಗ ಮುಗಿದರೂ, ತಡವಾದ ನಿಮಿಷಗಳನ್ನು ಯಾರ ಖಾತೆಗೆ ಬರೆಯಬೇಕೆಂಬ ನಿಯಮವನ್ನು ಮೊದಲ ರೈಲು ಓಡುವ ಮುನ್ನವೇ ಬರೆದಿಡಲು ಇನ್ನೂ ಅವಕಾಶವಿದೆ.